ಹತ್ತು ಅಂಗುಲದ ತಪ್ಪು

೪ ಜನವರಿ ೧೯೩೭, ಸೋಮವಾರ
ಕೊತ್ತತ್ತಿ ಬಿಡಾರ

ಬಂದು ಸೇರಿದೆ. ಛಾವಡಿಯ ಹಿಂದಿನ ಕೋಣೆ ಕೊಟ್ಟಿದ್ದಾರೆ. ಬಾಗಿಲು ಹಾಕಿದರೆ ಉಸಿರು ಕಟ್ಟುತ್ತದೆ, ತೆಗೆದರೆ ಊರೆಲ್ಲ ಇಣುಕುತ್ತದೆ. ಅಡಿಗೆ ನಾನೇ ಮಾಡಿಕೊಳ್ಳಬೇಕು. ಇಂದು ಸಾರಿಗೆ ಉಪ್ಪನ್ನು ಎರಡು ಸಲ ಹಾಕಿದೆ.

ಕೆಲಸ ಸುಲಭದ್ದೇ. ದೊಡ್ಡ ಕಾಲುವೆಯ ತೂಬಿನಿಂದ ಕೊಪ್ಪಲಿನವರೆಗೆ ನಾಲ್ಕು ಮೈಲಿ ಸಣ್ಣ ಕಾಲುವೆ ತೋಡಬೇಕು. ಅದಕ್ಕೆ ಮೊದಲು ನೆಲದ ಮಟ್ಟ ತೆಗೆಯಬೇಕು. ತೂಬಿನ ಗೋಡೆಯ ಮೇಲೆ ಒಂದು ಸರ್ಕಾರಿ ಗುರುತು ಇದೆ, ಕೊಪ್ಪಲಿನ ಬಾವಿಕಟ್ಟೆಯ ಮೇಲೆ ಇನ್ನೊಂದು. ಎರಡರ ಎತ್ತರವೂ ಕಚೇರಿಯ ಪುಸ್ತಕದಲ್ಲಿದೆ. ಇಲ್ಲಿಂದ ಅಳೆಯುತ್ತ ಹೋಗಿ ಅಲ್ಲಿ ಮುಟ್ಟಿದಾಗ ನನ್ನ ಲೆಕ್ಕವೂ ಪುಸ್ತಕದ ಲೆಕ್ಕವೂ ಒಂದೇ ಆದರೆ ಕೆಲಸ ಸರಿ.

ಆಳುಗಳು ಮೂವರು. ದೂರ ಅಳೆಯುವ ಸರಪಳಿ ಹಿಡಿಯುವವನು ಚಿಕ್ಕಣ್ಣ, ಐವತ್ತು ದಾಟಿದವನು. ಕನ್ನಂಬಾಡಿ ಕಟ್ಟೆ ಕಟ್ಟುವಾಗಿನಿಂದ ಇದೇ ಕೆಲಸವಂತೆ. ಅದನ್ನು ಬಂದ ಐದು ನಿಮಿಷದಲ್ಲೇ ಹೇಳಿ ಮುಗಿಸಿದ. ಅಂಕಿ ಬರೆದ ಉದ್ದ ಕೋಲನ್ನು ಹಿಡಿದು ನಿಲ್ಲುವವನು ಸಿದ್ದರಾಜು. ಗೂಟ ಹೊಡೆಯುವವನು ತಿಮ್ಮಯ್ಯ, ಬೆಸಗರಹಳ್ಳಿಯವನು. ಹಲ್ಲು ಬಿಡುವುದೇ ಅವನ ಮುಖ್ಯ ಕಸುಬು. ಹೆಸರುಗಳನ್ನು ಹಾಜರಿ ಪುಸ್ತಕದಲ್ಲಿ ಬರೆದಾಯಿತು. ಇಲ್ಲಿ ಸರಪಳಿಯವನು, ಕೋಲಿನವನು, ಗೂಟದವನು ಎಂದರೆ ಸಾಕು.

ನನಗಿಂತ ಮುಂಚೆ ಇದ್ದ ಓವರ್‌ಸೀಯರು ಇವರ ಜೊತೆ ಮರದಡಿ ಕುಳಿತು ಎಲೆಯಡಿಕೆ ಹಾಕುತ್ತಿದ್ದರಂತೆ. ಸಲಿಗೆ ಕೊಟ್ಟು ಕೆಡಿಸಿಟ್ಟಿದ್ದಾರೆ.

ಮಾರ್ಚಿಗೆ ನನ್ನ ಹಂಗಾಮಿ ಅವಧಿ ಮುಗಿಯುತ್ತದೆ. ಕೆಲಸ ಖಾಯಂ ಆದ ಮೇಲೆಯೇ ಮಗಳನ್ನು ಕಳಿಸುವುದೆಂದು ಮಳವಳ್ಳಿಯ ಮಾವನವರು ಕಡ್ಡಿ ತುಂಡುಮಾಡಿದಂತೆ ಹೇಳಿದ್ದಾರೆ. ಮದುವೆಯಾಗಿ ಎರಡು ವರ್ಷ. ಪಂಕಜಳನ್ನು ನಾನು ಕಂಡಿರುವುದು ಹಬ್ಬಗಳಲ್ಲಿ ಮಾತ್ರ. ಈ ನಾಲ್ಕು ಮೈಲಿ ಚೊಕ್ಕಟವಾಗಿ ಮುಗಿಯಲಿ, ದೇವರೇ.

೭ ಜನವರಿ, ಗುರುವಾರ

ಮೂರು ದಿನ ಸಹಿಸಿದೆ. ಇಂದು ಆಗಲಿಲ್ಲ.

ಮಟ್ಟ ನೋಡುವ ದುರ್ಬೀನಿನ ಯಂತ್ರವನ್ನು ಎಲ್ಲಿ ನಿಲ್ಲಿಸಿದರೂ ಸರಪಳಿಯವನದು ಒಂದು ಮಾತು ಇದ್ದೇ ಇರುತ್ತದೆ. "ಇಲ್ ಬ್ಯಾಡಿ ಸ್ವಾಮಿ, ನೆಲ ಜವುಗು." "ಆ ಬದು ಮ್ಯಾಲೆ ಇಕ್ಕಿ ಸ್ವಾಮಿ, ಎರಡು ಕಡೀಕೂ ಕಾಣ್ತದೆ." ಕೋಲಿನವನು ಅತ್ತಲಿಂದ ಏನೋ ಕೂಗುತ್ತಾನೆ, ಗೂಟದವನು ಇತ್ತಲಿಂದ ಅದಕ್ಕೆ ನಗುತ್ತಾನೆ. ನಡುವೆ ನಾನು ಅಂಕಿ ಬರೆದುಕೊಳ್ಳಬೇಕು. ಬೆಂಗಳೂರಿನಲ್ಲಿ ಮೂರು ವರ್ಷ ಓದಿ ಬಂದದ್ದು ಇವರ ಹತ್ತಿರ ಪಾಠ ಹೇಳಿಸಿಕೊಳ್ಳಲೇ?

ಮೂವರನ್ನೂ ಎದುರಿಗೆ ನಿಲ್ಲಿಸಿ ಹೇಳಿದೆ: "ಕೇಳಿದಾಗ ಹೇಳಿ. ಕೇಳದಿದ್ದರೆ ಬಾಯಿ ಮುಚ್ಚಿಕೊಂಡಿರಿ. ಮೀರಿದರೆ ಆ ದಿನದ ಹಾಜರಿ ಇಲ್ಲ." ಸಂಜೆಯೊಳಗೆ ಗೂಟದವನ ಅರ್ಧ ದಿನ ಹೊಡೆದುಹಾಕಿದ ಮೇಲೆ ಬುದ್ಧಿ ಬಂತು.

ಕಡೆಯ ಎರಡು ಗಂಟೆ ಎಂಥ ನಿಶ್ಶಬ್ದ! ಕೈಸನ್ನೆಯಲ್ಲೇ ಎಲ್ಲ ನಡೆಯಿತು. ದುರ್ಬೀನಿನಲ್ಲಿ ನೋಡಿದರೆ ಕೋಲು ಹಿಡಿದವನು ತಲೆಕೆಳಗಾಗಿ ಕಾಣುತ್ತಾನೆ; ತಲೆಕೆಳಗಾದರೂ ಸುಮ್ಮನಿದ್ದಾನಲ್ಲ, ಅದೇ ಸಂತೋಷ.

೧೩ ಜನವರಿ, ಬುಧವಾರ

ಎರಡು ಮೈಲಿ ಮುಗಿಯಿತು. ನಾಳೆ ಸಂಕ್ರಾಂತಿ. ಒಂದು ದಿನ ಸಾಲದು, ಎರಡು ದಿನ ಬೇಕಂತೆ ಇವರಿಗೆ. ದನಕ್ಕೆ ಮೈ ತೊಳೆಯಬೇಕು, ಕಿಚ್ಚು ಹಾಯಿಸಬೇಕು, ಇನ್ನೇನೇನೋ. ಕೊಟ್ಟೆ, ಕೊಡದೆ ವಿಧಿಯೇನು.

ಕೆಲಸ ನಿಲ್ಲಿಸುವಾಗ ಗಟ್ಟಿಯಾದ ಒಂದು ಕಲ್ಲಿನ ಮೇಲೆ ಕೋಲಿಟ್ಟು ಕಡೆಯ ಅಂಕಿ ಬರೆದುಕೊಳ್ಳಬೇಕು. ಮತ್ತೆ ಹೊರಡುವಾಗ ಅದೇ ಕಲ್ಲಿನ ಮೇಲೆ ಕೋಲಿಟ್ಟು ಹೊರಡಬೇಕು. ಆ ಕಲ್ಲು ಅಲುಗಿದರೆ ಮುಂದಿನ ಲೆಕ್ಕವೆಲ್ಲ ಅಲುಗಿದ ಹಾಗೆ. ಆದ್ದರಿಂದ ಹೊಲದ ಅಂಚಿನಲ್ಲಿ, ಬದುವಿನ ಆಚೆ ಒಂದು ಒಳ್ಳೆಯ ಗುಂಡು ಕಲ್ಲು ನೋಡಿ, ಅದಕ್ಕೆ ಕೆಂಪು ಬಣ್ಣ ಬಳಿಸಿ, ಮೇಲೆ ಬಾಣದ ಗುರುತು ಹಾಕಿಸಿದೆ. ಇನ್ನು ಬೇರೆ ಕಲ್ಲೆಂದು ತಪ್ಪುವ ಭಯವಿಲ್ಲ. ಹೊಲದವಳು, ಚಿಕ್ಕಬೋರಮ್ಮ ಎಂಬ ಮುದುಕಿ, ಸೊಂಟದ ಮೇಲೆ ಕೈಯಿಟ್ಟು ನೋಡುತ್ತ ನಿಂತಿದ್ದಳು. ಏನೆಂದು ಕೇಳಲಿಲ್ಲ. ನಾನೂ ಹೇಳಲಿಲ್ಲ.

೧೬ ಜನವರಿ, ಶನಿವಾರ

ಗೂಟದವನನ್ನು ತೆಗೆದುಹಾಕಿದೆ.

ಬೆಳಿಗ್ಗೆ ಕೆಂಪು ಕಲ್ಲಿನಿಂದ ಮತ್ತೆ ಶುರು. ನಾನು ಬದುವಿನ ಈಚೆ ಯಂತ್ರದ ಹತ್ತಿರ, ಅವರು ಆಚೆ, ಬದುವಿನ ಮರೆಯಲ್ಲಿರುವ ಕಲ್ಲಿನ ಹತ್ತಿರ. ದುರ್ಬೀನಿಗೆ ಕಾಣುವುದು ಕೋಲಿನ ಗೇಣುದ್ದದ ತುಂಡು ಅಷ್ಟೆ. ಕೋಲಿಡಲು ಸನ್ನೆ ಮಾಡಿದೆ. ಇಡಲಿಲ್ಲ. ಆಮೇಲೆ ಗೊಳ್ಳೆಂದು ನಗು. ಗೂಟದವನದೇ. ಸನ್ನೆ ಮಾಡಿ ಕೈ ನೋಯುತ್ತಿದೆ, ಇವನಿಗೆ ನಗು! ಅಲ್ಲಿಂದಲೇ ಕೂಗಿ ಕರೆದು, ಹಾಜರಿ ಪುಸ್ತಕದಿಂದ ಹೆಸರು ಹೊಡೆದು, ಊರಿಗೆ ಹೋಗೆಂದೆ.

"ಯಾಕ್ ನಕ್ಕೆ ಅಂತ ಕೇಳಕ್ಕಿಲ್ವಾ ಬುದ್ಧಿ?" ಎಂದ.

"ನಿನ್ನ ನಗುವಿನ ಕಾರಣ ಕಟ್ಟಿಕೊಂಡು ನನಗೇನಾಗಬೇಕು?"

ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೋದ. ಸರಪಳಿಯವನು ಹತ್ತಿರ ಬಂದು, "ಸ್ವಾಮಿ, ಆ ಕಲ್ಲು... ಹಬ್ಬದ್ ದಿನ ಪೂಜೆ ಗೀಜೆ..." ಎಂದು ಏನೋ ಶುರು ಮಾಡಿದ. ಇನ್ನೊಂದು ರಜಕ್ಕೆ ಪೀಠಿಕೆ. "ಕೇಳಿದೆನೇ ನಿನ್ನನ್ನು?" ಎಂದೆ. ಬಾಯಿ ಮುಚ್ಚಿದ. ಸಂಜೆಯವರೆಗೆ ಮತ್ತೆ ತೆರೆಯಲಿಲ್ಲ.

ಆಮೇಲೆ ಸನ್ನೆ ಮಾಡಿದ ಕೂಡಲೇ ಕಲ್ಲಿನ ಮೇಲೆ ಕೋಲು ಬಂತು. ಇಬ್ಬರಾದರೂ ಕೆಲಸ ನಿಲ್ಲಲಿಲ್ಲ. ನಿಲ್ಲುವುದೂ ಇಲ್ಲ.

೧೭ ಜನವರಿ, ಭಾನುವಾರ

ಕೆಲಸವಿಲ್ಲದ ದಿನ ಕಳೆಯುವುದು ಕಷ್ಟ. ಕೂತರೆ ಏಳಬೇಕೆನಿಸುತ್ತದೆ, ಎದ್ದರೆ ಎಲ್ಲಿಗೆ ಹೋಗಬೇಕೋ ತಿಳಿಯದು. ಪಂಕಜಳಿಗೆ ಕಾಗದ ಬರೆದೆ. ಹರಿದು ಹಾಕಿದೆ. ಛಾವಡಿಯ ಮುಂದೆ ಸರಪಳಿಯವನೂ ಕೋಲಿನವನೂ ಊರಿನವರೊಡನೆ ಮಾತಾಡುತ್ತಿದ್ದರು. ನಾನು ಹೊರಗೆ ಬಂದ ಕೂಡಲೇ ಮಾತು ನಿಂತಿತು.

೨೦ ಜನವರಿ, ಬುಧವಾರ

ಕೊಪ್ಪಲು ಮುಟ್ಟಿದೆ. ಬಾವಿಕಟ್ಟೆಯ ಗುರುತಿನ ಮೇಲೆ ಕೋಲಿಡಿಸಿ ಓದಿದೆ. ಲೆಕ್ಕ ಹಾಕಿದೆ. ಹತ್ತು ಅಂಗುಲ ಕಡಿಮೆ.

ಒಂದು ಅಂಗುಲವಲ್ಲ, ಎರಡಲ್ಲ, ಹತ್ತು! ಪುಸ್ತಕ ಹೇಳುವುದಕ್ಕಿಂತ ನನ್ನ ಲೆಕ್ಕದಲ್ಲಿ ಬಾವಿ ಹತ್ತು ಅಂಗುಲ ಕೆಳಗಿದೆ. ಒಂದು ಮೈಲಿಗೆ ಒಂದು ಅಡಿ ಇಳಿಜಾರಿನ ಕಾಲುವೆಗೆ ಹತ್ತು ಅಂಗುಲವೆಂದರೆ ಆಟವೇ? ತಪ್ಪು ಮಟ್ಟ ನಂಬಿ ತೋಡಿದರೆ ನೀರು ನಡುದಾರಿಯಲ್ಲಿ ನಿಂತುಬಿಡುತ್ತದೆ, ಕೊಪ್ಪಲಿಗೆ ತೊಟ್ಟೂ ಬರುವುದಿಲ್ಲ. ಆಗ ನನ್ನ ಖಾಯಂ ಕಾಗದವೂ ಬರುವುದಿಲ್ಲ.

ಕೋಲಿನವನದೇ ತಪ್ಪು. ನಾಲ್ಕು ದಿನದಿಂದ ನೋಡುತ್ತಿದ್ದೇನೆ, ಕೋಲು ನೆಟ್ಟಗೆ ನಿಲ್ಲುವುದಿಲ್ಲ, ತೂಗಾಡುತ್ತದೆ. ಬೈದೆ. ನೆಲ ನೋಡುತ್ತ ನಿಂತಿದ್ದ.

೨೧ ಜನವರಿ

ಕೂಡಿದೆ. ಕಳೆದೆ. ಮತ್ತೆ ಕೂಡಿದೆ. ಹತ್ತು ಅಂಗುಲ.

೨೩ ಜನವರಿ, ಶನಿವಾರ

ಮೊದಲ ಎರಡು ಮೈಲಿಯಲ್ಲಿ ತಪ್ಪಿಲ್ಲ, ಅಲ್ಲಿ ದಿನದಿನವೂ ಹಿಂದಿರುಗಿ ಪರೀಕ್ಷಿಸಿದ್ದೆ. ಆದ್ದರಿಂದ ಕೆಂಪು ಕಲ್ಲಿನಿಂದ ಮುಂದಕ್ಕೆ ಎರಡು ಮೈಲಿಯನ್ನೂ ಹೊಸದಾಗಿ ತೆಗೆದೆ. ಕೋಲಿನವನ ಪಕ್ಕದಲ್ಲೇ ಸರಪಳಿಯವನನ್ನು ನಿಲ್ಲಿಸಿ, ಕೋಲು ಅಲುಗದಂತೆ ಹಿಡಿಸಿದೆ. ಮಾತಿಲ್ಲ ಕತೆಯಿಲ್ಲ. ಬಾವಿ ಮುಟ್ಟಿದಾಗ ಮತ್ತೆ ಅದೇ ಹತ್ತು ಅಂಗುಲ, ಒಂದು ನೂಲೂ ಹೆಚ್ಚುಕಡಿಮೆಯಿಲ್ಲ!

ಎದೆಯ ಮೇಲಿನ ಭಾರ ಇಳಿಯಿತು. ಎರಡು ಸಲ ತೆಗೆದರೂ ಒಂದೇ ಲೆಕ್ಕ ಬಂದರೆ ತಪ್ಪು ನನ್ನದಲ್ಲ, ಬಾವಿಕಟ್ಟೆಯ ಗುರುತಿನದು. ಯಾವ ಕಾಲದಲ್ಲಿ ಯಾರು ಕೆತ್ತಿದರೋ, ಕಟ್ಟೆ ಎಷ್ಟು ಸಲ ರಿಪೇರಿಯಾಗಿದೆಯೋ. ಆ ಗುರುತನ್ನು ಕೆತ್ತಿ ತೆಗೆಸಬೇಕೆಂದು ವರದಿ ಬರೆದೆ. ಬಹಳ ಚೆನ್ನಾಗಿ ಬಂದಿದೆ.

ಇಬ್ಬರಿಗೂ ಓದಿ ಹೇಳಿದೆ, ಹಳೆಯವರ ಕೆಲಸ ಹೇಗಿತ್ತೆಂದು ತಿಳಿಯಲಿ ಎಂದು. ಸರಪಳಿಯವನು ನನ್ನ ಮುಖವನ್ನೇ ದಿಟ್ಟಿಸಿದ. ಆಮೇಲೆ ಕೈಯಲ್ಲಿದ್ದ ಸರಪಳಿಯನ್ನು ದೊಪ್ಪೆಂದು ನೆಲಕ್ಕೆ ಹಾಕಿ ಹೊರಟುಹೋದ. ಕೊಬ್ಬು.

೨೬ ಜನವರಿ, ಮಂಗಳವಾರ
ಮಂಡ್ಯ

ಕಚೇರಿಯಲ್ಲಿ ಇಂಜಿನಿಯರ್ ಸಾಹೇಬರು ವರದಿಯನ್ನು ಎರಡು ಸಲ ಓದಿದರು. "ಅಲ್ರೀ ಅಯ್ಯಂಗಾರ್ರೇ, ಆ ಗುರುತು ಇಪ್ಪತ್ತು ವರ್ಷದ್ದು. ಯಾರೂ ಇದುವರೆಗೆ ಅದು ತಪ್ಪು ಅಂದಿಲ್ಲ. ಖಂಡಿತವಾಗಿ ಹೇಳ್ತೀರಾ?"

"ಖಂಡಿತ ಸಾರ್."

"ಹಾಗಾದ್ರೆ ರುಜು ಹಾಕಿ."

ಹಾಕಿದೆ. ಫೆಬ್ರವರಿ ಐದಕ್ಕೆ ಅಗೆಯುವವರು ಬರುತ್ತಾರೆ, ಅಷ್ಟರೊಳಗೆ ಉದ್ದಕ್ಕೂ ಗೂಟ ಹೊಡೆಸಿ ಎಷ್ಟು ಆಳ ತೋಡಬೇಕೆಂದು ಬರೆಸಬೇಕು. ಬಾವಿಕಟ್ಟೆಯ ಹಳೆಯ ಗುರುತನ್ನು ಕೆತ್ತಿ ತೆಗೆಸಿ ನನ್ನ ಲೆಕ್ಕದ ಹೊಸದನ್ನು ಹಾಕಿಸಲು ಅಪ್ಪಣೆಯಾಯಿತು. ನನ್ನ ಲೆಕ್ಕ, ಕಲ್ಲಿನ ಮೇಲೆ!

ಆದರೂ ಬಸ್ಸಿನಲ್ಲಿ ಕೂತು ಬರುವಾಗ ಲೆಕ್ಕದ ಪುಸ್ತಕ ತೆಗೆದು ಮತ್ತೊಮ್ಮೆ ಕೂಡಿ ನೋಡಿದೆ. ಹೊತ್ತು ಹೋಗಲೆಂದು, ಅಷ್ಟೆ.

೨೯ ಜನವರಿ, ಶುಕ್ರವಾರ

ಸಿದ್ದರಾಜು ಬರಲಿಲ್ಲ. ಸೋಮಾರಿತನವೆಂದು ಅವನಿರುವ ಕೊಟ್ಟಿಗೆಗೇ ಹೋಗಿ ಬೈಯಲು ಬಾಯಿ ತೆರೆದೆ. ಚಾಪೆಯ ಮೇಲೆ ಎರಡು ಕಂಬಳಿ ಹೊದ್ದು ನಡುಗುತ್ತಿದ್ದ. ಚಳಿಜ್ವರ. ಈ ಕಡೆ ಕಾಲುವೆ ಬಂದಾಗಿನಿಂದ ಮನೆಮನೆಗೂ ಇದೇ. ಹನ್ನೆರಡು ದಿನದಿಂದ ದಿನ ಬಿಟ್ಟು ದಿನ ಬರುತ್ತಿದೆಯಂತೆ.

"ಜ್ವರ ಇಟ್ಟುಕೊಂಡು ಕೋಲು ಹಿಡಿದೆಯಾ? ಹೇಳಬಾರದೇ?"

ಹಲ್ಲು ಕಟಕಟ ಎನ್ನುತ್ತಿದ್ದವು. ಪಕ್ಕದಲ್ಲಿ ಕುಳಿತಿದ್ದ ಸರಪಳಿಯ ಚಿಕ್ಕಣ್ಣನೇ ಹೇಳಿದ: "ನೀವು ಕೇಳ್ಲಿಲ್ವಲ್ಲ ಸ್ವಾಮಿ."

ನನ್ನ ಪೆಟ್ಟಿಗೆಯಲ್ಲಿದ್ದ ಕ್ವಿನೈನ್ ಕೊಟ್ಟು ಬಂದೆ. ಅಂಥ ದೊಡ್ಡ ಕೆಲಸವೇನಲ್ಲ, ಆಳು ಬೇಗ ಎದ್ದರೆ ನನಗೇ ಲಾಭ.

೩೦ ಜನವರಿ, ಶನಿವಾರ

ಏನು ಬರೆಯಲಿ. ಬರೆಯುತ್ತೇನೆ.

ಗೂಟ ಹೊಡೆಸಲು ಉಳಿದವರು ನಾನು ಮತ್ತು ಚಿಕ್ಕಣ್ಣ ಇಬ್ಬರೇ. ಕೆಂಪು ಕಲ್ಲಿನ ಹತ್ತಿರ ಬರುವಾಗ ಬದುವಿನ ಈಚೆಯೇ ಅವನು ನಿಂತುಬಿಟ್ಟ.

"ನಾ ಮುಂದುಕ್ ಬರಂಗಿಲ್ಲ ಸ್ವಾಮಿ. ನಂಗೆ ಸೂತಕ."

"ಯಾರಿಗೇನಾಯಿತು?"

"ನಮ್ ಅಣ್ತಮ್ಮಿಕೇಲಿ ಒಬ್ರು ಓಗ್ಬುಟ್ರು. ಆ ಕಲ್ಲ ನಾ ಮುಟ್ಟಂಗಿಲ್ಲ. ಕೋಲ ನೀವೇ ಇಕ್ಕಿ, ನಾ ಇಲ್ಲಿಂದ ಅಂಕಿ ನೋಡಿ ಕೂಗ್ತೀನಿ."

ಕಲ್ಲು ಮುಟ್ಟಲು ಸೂತಕವೇನು ಅಡ್ಡಿಯೆಂದು ರೇಗಿತು. ಆದರೆ ಮೈಲಿಗೆಯ ವಿಷಯದಲ್ಲಿ ನಾವು ಅಯ್ಯಂಗಾರರು ಬೇರೆಯವರಿಗೆ ಏನು ಹೇಳುವುದು? "ಅಂಕಿ ಓದಲು ಬರುತ್ತದೆಯೇ ನಿನಗೆ?" ಎಂದರೆ, "ಹಿಂದ್ಲ ಸ್ವಾಮೇರು ಕಲ್ಸಿದ್ರು" ಎಂದ. ಬೇರೆ ದಾರಿಯಿರಲಿಲ್ಲ. ಜೀವನದಲ್ಲಿ ಮೊದಲ ಸಲ ಕೋಲನ್ನು ಹೆಗಲ ಮೇಲೆ ಹೊತ್ತು, ಗೊಣಗುತ್ತ ಬದು ಹತ್ತಿ ಇಳಿದೆ.

ನನ್ನ ಕೆಂಪು ಕಲ್ಲು ನೆಲದ ಮೇಲಿರಲಿಲ್ಲ. ಕೆಸರು ಮೆತ್ತಿದ ಪುಟ್ಟ ಕಟ್ಟೆಯ ಮೇಲೆ ಕುಳಿತಿತ್ತು. ಮೈತುಂಬ ಅರಿಶಿನ ಕುಂಕುಮ, ತಲೆಯ ಮೇಲೆ ತುಂಬೆ ಹೂವು, ಮುಂದೆ ಒಡೆದ ತೆಂಗಿನಕಾಯಿಯ ಚಿಪ್ಪು. ನಾನು ಹಾಕಿಸಿದ್ದ ಬಾಣದ ಗುರುತೇ ನಾಮವಾಗಿಹೋಗಿತ್ತು.

ಕೋಲು ಹಿಡಿದು ಹಾಗೇ ನಿಂತಿದ್ದೆ. ಚಿಕ್ಕಬೋರಮ್ಮ ಹೊಲದೊಳಗಿನಿಂದ ಓಡಿಬಂದಳು. "ಯಾವನ್ಲಾ ಅವನು! ದ್ಯಾವ್ರ ತಲೆ ಮ್ಯಾಲೆ ಕೋಲಿಕ್ಕೋನು, ಕಣ್ಣಿಲ್ವಾ?" ಆಮೇಲೆ ಜನಿವಾರ ಕಂಡು ದನಿ ತಗ್ಗಿಸಿದಳು. "ನೀವಾ ಸ್ವಾಮಿ? ನೀವೇ ಅಲ್ವಾ ಬಣ್ಣ ಬಳ್ಸಿದ್ದು? ಬಣ್ಣ ಬಳ್ದ್ ದಿನವೇ ನಮ್ ಗಬ್ಬದ್ ಅಸ ಕರ ಹಾಕ್ತು ಕಣಪ್ಪ, ಎಣ್ಗರ. ಅದ್ಕೆ ಸಂಕ್ರಾಂತಿ ದಿನ ಎತ್ತಿ ಕೂರಿಸ್ದೆ. ನೆಲದ್ ಮ್ಯಾಲಿದ್ರೆ ನಾಯಿ ಕಾಲೆತ್ತವೆ."

ಕಟ್ಟೆಯನ್ನು ಅಳೆದೆ. ಹತ್ತು ಅಂಗುಲ.

ಎರಡು ಸಲವೂ ಈ ಎತ್ತಿದ ಕಲ್ಲಿನಿಂದಲೇ ಹೊರಟಿದ್ದೆ. ಎರಡು ಸಲವೂ ಒಂದೇ ತಪ್ಪು ಬಂತು, ನಾನು ಅದನ್ನೇ ಸರಿಯೆಂದುಕೊಂಡೆ. ಬಾವಿಕಟ್ಟೆಯ ಗುರುತು ಸರಿಯಾಗಿಯೇ ಇದೆ. ತಿಮ್ಮಯ್ಯ ನಕ್ಕದ್ದು ಇದಕ್ಕೆ. ಚಿಕ್ಕಣ್ಣ ಹೇಳಲು ಬಂದದ್ದು ಇದನ್ನೇ.

ಬದು ಹತ್ತಿ ಬಂದು ಕೇಳಿದೆ, "ಯಾರು ಹೋದರು ನಿಮ್ಮಲ್ಲಿ?"

"ಯಾರೂ ಓಗಿಲ್ಲ ಸ್ವಾಮಿ. ನಿಮ್ಮ ಅಲ್ಲೀಗಂಟ ನಡ್ಸಕ್ಕೆ ನಂಗೆ ಬ್ಯಾರೆ ದಾರಿ ಕಾಣ್ನಿಲ್ಲ."

ಕೋಲನ್ನು ಬದುವಿಗೆ ಒರಗಿಸಿದೆ. ಅವನೇ ಮುಂದುವರಿಸಿದ. "ಸುಳ್ಳೇಳಲ್ಲ. ಮೊದ್ಲು ನಾವೂವೆ ಸುಮ್ಕಿದ್ದೋ. ಬಾಯ್ ಮುಚ್ಕೊಂಡಿರಿ ಅಂದೋರು ಇವ್ರೇ, ಅನುಭವಿಸ್ಲಿ ಅಂತ. ನಮ್ಗೂ ಒಟ್ಟೆ ಉರಿ ಇತ್ತು. ಆದ್ರೆ ಬಾವಿ ಮ್ಯಾಲಿನ ಗುರುತ ಕಿತ್ತಾಕ್ತೀನಿ ಅಂತ ಓದಿ ಏಳುದ್ರಲ್ಲ, ಅವತ್ತಿಂದ ಅನ್ನ ಇಳೀನಿಲ್ಲ. ಆ ಗುರುತ ಕೆತ್ತೋವಾಗ ಕೋಲ್ ಹಿಡ್ದಿದ್ದೋನು ನಾನು."

ತಲೆ ಎತ್ತಿ ಅವನನ್ನು ನೋಡಲಾಗಲಿಲ್ಲ. ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು.

೩೧ ಜನವರಿ, ಭಾನುವಾರ

ಯಾರಿಗೂ ಹೇಳದೆ ಸರಿಮಾಡಿಬಿಡಬಹುದು. ಕಲ್ಲಿನಿಂದಾಚೆಗೆ ಪ್ರತಿ ಗೂಟದಲ್ಲೂ ಹತ್ತು ಅಂಗುಲ ಹೆಚ್ಚು ಆಳ ಬರೆಸಿದರೆ ಮುಗಿಯಿತು, ನೀರು ಹೋಗುತ್ತದೆ. ಆದರೆ ಬಾವಿಯ ಗುರುತು? ಅದನ್ನು ಅಳಿಸಿ ನನ್ನ ತಪ್ಪನ್ನು ಕೆತ್ತಿಸಿದರೆ, ಮುಂದೆ ಅದನ್ನು ನಂಬಿ ಅಳೆದವರ ಕಾಲುವೆಯೆಲ್ಲ ಕೆಡುತ್ತದೆ. ಹೇಳಿದರೆ ಖಾಯಂ ಹೋಯಿತು. ಮಾವನವರ ಮುಖ ನೆನಪಾಗುತ್ತದೆ. ಪಂಕಜಳ ಮುಖ ನೆನಪಿಗೇ ಬರುತ್ತಿಲ್ಲ, ಅಷ್ಟು ಕಡಿಮೆ ನೋಡಿದ್ದೇನೆ.

ತೂಬಿನವರೆಗೆ ನಡೆದೆ. ವಾಪಸು ಬಂದೆ. ಮತ್ತೆ ನಡೆದೆ.

೧ ಫೆಬ್ರವರಿ, ಸೋಮವಾರ
ಮಂಡ್ಯ

ಹೇಳಿದೆ. ಸಾಹೇಬರು ಕೋಪಿಸಿಕೊಳ್ಳಲಿಲ್ಲ. ಕಲ್ಲಿಗೆ ಪೂಜೆಯಾದ ಸಂಗತಿ ಕೇಳಿ ಅವರಿಗೂ ನಗು ಬಂತು. ಆಮೇಲೆ ಬಾಗಿಲು ಮುಂದೆ ಮಾಡಿ ತಗ್ಗಿದ ದನಿಯಲ್ಲಿ ಹೇಳಿದರು:

"ನೋಡಿ, ಕೋಲು ಇಟ್ಟವನು ಯಾರು? ಅವನ ನಿರ್ಲಕ್ಷ್ಯದಿಂದ ಹೀಗಾಯ್ತು ಅಂತ ಒಂದು ಸಾಲು ಬರೀರಿ. ಅವನು ದಿನಗೂಲಿ, ಬೇರೆಯವನು ಸಿಗ್ತಾನೆ. ನಿಮ್ಮ ಖಾಯಂ ಕಾಗದ ಇಲ್ಲೇ ಮೇಜಿನ ಮೇಲಿದೆ. ಹಾಳುಮಾಡ್ಕೋಬೇಡಿ."

ಕಾಗದವನ್ನು ಕಣ್ಣಾರೆ ನೋಡಿದೆ. ನನ್ನ ಹೆಸರು ಬೆರಳಚ್ಚಾಗಿತ್ತು, ರುಜು ಒಂದು ಬಾಕಿ. ಲೇಖನಿಯನ್ನು ಮಸಿಯಲ್ಲಿ ಅದ್ದಿದೆ. ಮಸಿ ಒಣಗಿತು. ಮತ್ತೆ ಅದ್ದಿದೆ. "ಸಿದ್ದರಾಜು" ಎಂದು ಬರೆಯಲು ಹೊರಟರೆ ಕಂಬಳಿಯೊಳಗೆ ನಡುಗುತ್ತಿದ್ದವನು ಕಣ್ಣೆದುರು ಬಂದ.

ಬರೆದದ್ದು ಇಷ್ಟು: "ಕಲ್ಲು ಎದ್ದಿರುವುದು ಕೆಲಸದವರಿಗೆ ತಿಳಿದಿತ್ತು. ಹೇಳಲು ಬಂದಾಗ ನಾನು ಕೇಳಲಿಲ್ಲ. ಕಲ್ಲಿನ ಹತ್ತಿರ ಹೋಗಿ ನೋಡಲೂ ಇಲ್ಲ. ತಪ್ಪು ನನ್ನದು." ಇದೇನು ಒಳ್ಳೆಯತನವಲ್ಲ. ಸುಳ್ಳು ಬರೆದು ಹೋದರೆ ನಾಳೆ ಬೆಳಿಗ್ಗೆ ಚಿಕ್ಕಣ್ಣನ ಎದುರು ನಿಲ್ಲಬೇಕಲ್ಲ, ಆ ಕಷ್ಟ ಯಾರಿಗೆ ಬೇಕು.

ಸಾಹೇಬರು ಓದಿ, "ನಿಮ್ಮಿಷ್ಟ" ಎಂದರು. ಮೇಜಿನ ಮೇಲಿನ ಕಾಗದ ಒಳಗೆ ಹೋಯಿತು. ಅಗೆಯುವವರ ಬರವನ್ನು ಮುಂದಕ್ಕೆ ಹಾಕಿದರು; ಒಂಬತ್ತನೆಯ ತಾರೀಖಿನೊಳಗೆ ನಾಲ್ಕು ಮೈಲಿಯನ್ನೂ ಹೊಸದಾಗಿ ತೆಗೆಯಬೇಕು, ಬಾವಿಯ ಹತ್ತಿರ ಅವರೇ ಬಂದು ನೋಡುತ್ತಾರೆ. ಹೋದ ಸಲ ಹತ್ತಿರ ಹತ್ತಿರ ಮೂರು ವಾರ ಹಿಡಿದ ಕೆಲಸ.

೩ ಫೆಬ್ರವರಿ, ಬುಧವಾರ

ಮೂವರಿಲ್ಲದೆ ಆರು ದಿನದಲ್ಲಿ ಆಗದು. ಸಿದ್ದರಾಜು ಎದ್ದು ಕೂತಿದ್ದಾನೆ, ಗಂಜಿ ಕುಡಿಯುತ್ತಿದ್ದಾನೆ. ಮೂರನೆಯವನು ಬೇಕು. ಮದ್ದೂರಿಗೆ ಹೋಗಿ, ಅಲ್ಲಿಂದ ಬೆಸಗರಹಳ್ಳಿಯ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಅವನಿಗೆ ಏನು ಹೇಳಬೇಕೆಂದು ಯೋಚಿಸಿಟ್ಟುಕೊಂಡಿದ್ದೆ, ಒಂದೂ ಉಪಯೋಗಕ್ಕೆ ಬರಲಿಲ್ಲ.

ತಿಮ್ಮಯ್ಯ ಕಣದಲ್ಲಿ ರಾಗಿ ಹುಲ್ಲಿನ ಮೆದೆ ಒಟ್ಟುತ್ತಿದ್ದ. ಹೆಂಡತಿ ಬೆಟ್ಟಮ್ಮ ಹುಲ್ಲು ಎತ್ತಿಕೊಡುತ್ತಿದ್ದವಳು ನನ್ನನ್ನು ನೋಡಿ, "ನಗ್ತಾನೆ ಅಂತ ಕೆಲ್ಸದಿಂದ ತಗ್ದ ಸ್ವಾಮೇರು ಇವ್ರೇಯಾ?" ಎಂದು ನೇರವಾಗಿ ಕೇಳಿದಳು.

"ನಾನೇ ಕಣಮ್ಮ. ನಿನ್ನ ಗಂಡ ನಕ್ಕದ್ದೇ ಸರಿ" ಎಂದೆ.

ತಿಮ್ಮಯ್ಯ ಮೆದೆಯ ಮೇಲಿಂದ ಇಳಿಯಲಿಲ್ಲ. "ಈಗ್ಲಾದ್ರೂ ಕೇಳ್ತೀರಾ, ಯಾಕ್ ನಕ್ಕೆ ಅಂತ?"

"ಯಾಕೆ ನಕ್ಕೆ ತಿಮ್ಮಯ್ಯ?"

"ಕೋಲಿಕ್ಕಕ್ ಓದ್ರೆ ಸಿದ್ರಾಜು ಕೈ ಮುಗ್ದು ನಿಂತ್ಬುಟ್ಟ ಬುದ್ಧಿ. ನೀವು ನೋಡುದ್ರೆ ಅತ್ಲಿಂದ ಕೈ ಆಡುಸ್ತಾವ್ರೆ, ದ್ಯಾವ್ರಿಗೆ ಮಂಗಳಾರ್ತಿ ಎತ್ದಂಗೆ!"

ಬೆಟ್ಟಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಾನೂ ನಕ್ಕೆನೆಂದು ಕಾಣುತ್ತದೆ. ಮೆದೆ ಮುಗಿಯುವವರೆಗೆ ಬರುವುದಿಲ್ಲ ಎಂದ. ಹೊತ್ತಾಗುತ್ತಿತ್ತು, ಅಂಗಿ ತೆಗೆದಿಟ್ಟು ಹುಲ್ಲು ಎತ್ತಿಕೊಟ್ಟೆ. ಮೈಯೆಲ್ಲ ನವೆ. ಸಂಜೆಯ ಬಸ್ಸಿಗೆ ಇಬ್ಬರೂ ಹೊರಟೆವು.

೬ ಫೆಬ್ರವರಿ, ಶನಿವಾರ

ಎರಡು ಮುಕ್ಕಾಲು ಮೈಲಿ ಮುಗಿಯಿತು. ಯಂತ್ರವನ್ನು ಚಿಕ್ಕಣ್ಣ ತೋರಿಸಿದ ಕಡೆ ನಿಲ್ಲಿಸಿದರೆ ಒಂದೇ ನಿಲುವಿನಲ್ಲಿ ಎರಡರಷ್ಟು ನೆಲ ಸಿಗುತ್ತದೆ. ಚಿಕ್ಕಬೋರಮ್ಮನ ದೇವರನ್ನು ಬಿಟ್ಟು ಬೇರೆ ಕಡೆ ಗೂಟ ಹೊಡೆದೆವು. ಇಡೀ ದಿನ ಗಲಾಟೆ. ಸಿದ್ದರಾಜು, "ಲೇ ತಿಮ್ಮ, ಆ ಗೂಟ ಅಲ್ಲಾಡ್ತದೆ ಕಣ್ಲಾ" ಎನ್ನುತ್ತಾನೆ, ಇವನು, "ನಿನ್ ಕಣ್ಣೇ ಅಲ್ಲಾಡದು" ಎನ್ನುತ್ತಾನೆ, ಕಡೆಗೆ ನೋಡಿದರೆ ಗೂಟವೇ ಅಲ್ಲಾಡುತ್ತಿರುತ್ತದೆ. ತಲೆನೋವು ಬಂದಿದೆ. ಹಸಿವು ಚೆನ್ನಾಗಿದೆ.

೯ ಫೆಬ್ರವರಿ, ಮಂಗಳವಾರ
ಕೊಪ್ಪಲು

ಸಾಹೇಬರು ಬಾವಿಯ ಹತ್ತಿರ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ಊರಿನವರೆಲ್ಲ ಸೇರಿದ್ದರು. ಕಡೆಯದಕ್ಕೆ ಹಿಂದಿನ ಗೂಟದ ಅಂಕಿ ಓದಿ ಬರೆಯುತ್ತಿದ್ದೆ, ಅಷ್ಟರಲ್ಲಿ ತಿಮ್ಮಯ್ಯ ಅಲ್ಲಿಂದಲೇ ಅರಚಿದ: "ಬರ್ಕೋಬ್ಯಾಡಿ ಬುದ್ಧೀ! ತಪ್ಪಾಯ್ತದೆ! ಗೂಟ ಕೆಸರ್ಗೆ ಇಳೀತಾ ಅದೆ!"

ಹೊಡೆದುಹಾಕಿದೆ. ಗೂಟ ಕಿತ್ತು, ಗಟ್ಟಿ ನೆಲ ನೋಡಿ ಹೊಡೆದು ಮತ್ತೆ ಓದಿದೆವು. ಬಾವಿಯ ಗುರುತಿನ ಮೇಲೆ ಚಿಕ್ಕಣ್ಣನೇ ಕೋಲು ಹಿಡಿದ. ತಾನೇ ಹಿಡಿಯುತ್ತೇನೆಂದು ಸಿದ್ದರಾಜುವಿನ ಕೈಯಿಂದ ಇಸಿದುಕೊಂಡ. ಲೆಕ್ಕ ಹಾಕಿದೆ. ಪುಸ್ತಕಕ್ಕೂ ನಮಗೂ ಕಾಲು ಅಂಗುಲದ ವ್ಯತ್ಯಾಸ. ನಾಲ್ಕು ಮೈಲಿಗೆ ಕಾಲು ಅಂಗುಲ!

ಸಾಹೇಬರು ಪುಸ್ತಕ ನೋಡಿ ತಲೆಯಾಡಿಸಿದರು. ಹೋಗುವಾಗ, "ನಿಮ್ಮ ಆಳುಗಳು ಜನರೆದುರಿಗೆ ನಿಮಗೆ ತಪ್ಪು ಅಂತ ಕಿರುಚ್ತಾರೇನ್ರೀ?" ಎಂದು ಕೇಳಿದರು.

"ಹೌದು ಸಾರ್" ಎಂದೆ. ಇನ್ನೇನು ಹೇಳಬೇಕಿತ್ತೋ ತಿಳಿಯದು. ಗೂಟ ಇಳಿಯುತ್ತಿದ್ದದ್ದು ನಿಜವಲ್ಲವೇ?

೨೦ ಫೆಬ್ರವರಿ, ಶನಿವಾರ

ಹುಕುಂ ಬಂತು. "ಕೆಲಸ ತೃಪ್ತಿಕರ. ಕೈಕೆಳಗಿನವರ ಮೇಲೆ ಹಿಡಿತ ಸಾಲದು. ಖಾಯಂ ಮಾಡುವುದನ್ನು ಆರು ತಿಂಗಳು ಮುಂದೂಡಿದೆ. ಮಳವಳ್ಳಿ ಸೆಕ್ಷನ್ನಿಗೆ ವರ್ಗ."

ಹಿಡಿತ ಸಾಲದಂತೆ! ಹಿಡಿತ ಬಿಗಿಯಾಗಿದ್ದಾಗಲೇ ಅಲ್ಲವೇ ಎಲ್ಲ ಕೆಟ್ಟದ್ದು? ಸಿಟ್ಟು ನೆತ್ತಿಗೇರಿತು. ಕಾಗದವನ್ನು ಮುದುರಿ ಬಿಸಾಡಿ, ಮತ್ತೆ ಎತ್ತಿಕೊಂಡು ಬಿಡಿಸಿದೆ. ಮಾವನವರಿಗೆ ತೋರಿಸಬೇಕಲ್ಲ.

ಮೂವರೂ ಬಸ್ಸಿನವರೆಗೆ ಬಂದಿದ್ದರು. ಹಾಸಿಗೆ ಸುರುಳಿ ಹೊತ್ತದ್ದು ಸಿದ್ದರಾಜು. ಚಿಕ್ಕಣ್ಣ ಒಂದು ಎಲೆಯಡಿಕೆಯ ಪೊಟ್ಟಣ ಕೊಟ್ಟ. ನನಗೆ ಅಭ್ಯಾಸವಿಲ್ಲ. ಆದರೂ ಮದ್ದೂರು ಬರುವುದರೊಳಗೆ ಅಷ್ಟನ್ನೂ ಹಾಕಿಕೊಂಡಿದ್ದೆ.

೧೨ ಜುಲೈ ೧೯೩೭, ಸೋಮವಾರ
ಮಳವಳ್ಳಿ

ಬಹಳ ದಿನದಿಂದ ಬರೆದಿರಲಿಲ್ಲ. ಮಾವನವರ ಮನೆಯಲ್ಲೇ ಇದ್ದೇನೆ. ಖಾಯಂ ಆಗದ ಅಳಿಯ ಮನೆ ಅಳಿಯನಾದ ಕತೆ ಊರಿಗೆಲ್ಲ ಗೊತ್ತು, ಬರೆಯುವುದೇನಿದೆ. ಮೊನ್ನೆ ಪಂಕಜ, "ನಾನು ಹೇಳೋದು ಮುಗಿಯೋವರೆಗೆ ನೀವು ಸುಮ್ಮನೆ ಕೇಳಿಸಿಕೊಳ್ತೀರಿ. ಮದುವೆಯಾದ ಹೊಸದರಲ್ಲಿ ಹೀಗಿರಲಿಲ್ಲ. ಏನಾಯ್ತು ನಿಮಗೆ?" ಎಂದಳು. ಏನೂ ಆಗಿಲ್ಲವೆಂದೆ. ನಿಜವಾಗಿಯೂ ಏನೂ ಆಗಿಲ್ಲ.

ನಿನ್ನೆ ಇಲ್ಲಿ ಅಕ್ಕನ ಮನೆಗೆ ಬಂದಿದ್ದ ಸಿದ್ದರಾಜು ಹುಡುಕಿಕೊಂಡು ಬಂದ. ಕೊಪ್ಪಲಿಗೆ ನೀರು ಬಂತಂತೆ. "ಸುಕ್ರವಾರ ಬಂತು ಸ್ವಾಮಿ. ಮಂಡಿಯುದ್ದ. ಚಿಕ್ಕಣ್ಣ ನೀರಿಗಿಂತ ಮುಂದೆ ಮುಂದೆ ಓಡ್ಕೊಂಡು ಬಾವಿಗಂಟ ಬಂದ." ಹೇಳುತ್ತ ಅವನಿಗೂ ಕಣ್ಣು ತುಂಬಿತು, ನನಗೂ.

ಇಂದು ಇಲ್ಲಿ ಹೊಸ ಕೆಲಸ ಶುರು. ಮೂರು ಮೈಲಿ ಮಟ್ಟ. ಆಳುಗಳು ನಾಲ್ವರೂ ಹೊಸಬರು. ಕೈಕಟ್ಟಿ, ತಲೆ ತಗ್ಗಿಸಿ ನಿಲ್ಲುತ್ತಾರೆ. ಯಂತ್ರ ಎಲ್ಲಿ ನಿಲ್ಲಿಸಲೆಂದು ಕೇಳಿದೆ. "ತಮ್ಮ ಚಿತ್ತ" ಎಂದರು. ಈ ಕಲ್ಲು ಗಟ್ಟಿಯಿದೆಯೇ ಎಂದೆ. "ತಾವು ಹೇಳಿದ ಹಾಗೆ" ಎಂದರು. ಬೆಳಗಿನಿಂದ ಸಂಜೆಯವರೆಗೆ ಒಬ್ಬನೂ ತಾನಾಗಿ ಒಂದು ಮಾತಾಡಲಿಲ್ಲ. ಮುಕ್ಕಾಲು ಮೈಲಿ ಮುಗಿಯಿತು. ಲೆಕ್ಕ ಮೂರು ಸಲ ಹಾಕಿದೆ, ಮೂರು ಸಲವೂ ಸರಿಯಾಗಿದೆ.

ಇವರು ಏನನ್ನು ನೋಡಿ ಸುಮ್ಮನಿದ್ದಾರೋ ಗೊತ್ತಿಲ್ಲ. ಭಯವಾಗುತ್ತಿದೆ.